ಆಳಂದ ನಾಕಾದಾಗ ಎಣಿಕಿ

ಮುಂಜಾನಿ ಆರರಿಂದ ರಾತ್ರಿ ಹತ್ತರ ತನಕ
ಎರಡು ದಿನದ ಪಗಾರ, ಒಂದು ಪ್ಲಾಸ್ಟಿಕ್ ಕುರ್ಚಿ,
ಕ್ಲಿಪ್ಪಿನ ಹಲಗಿ, ಹತ್ತು ಖಾನೆಯ ಹಾಳಿ.
"ಮಂದೀನ ಎಣಿಸಬ್ಯಾಡಮ್ಮ, ಗಾಡಿ ಎಣಿಸು"
ಅಂದು ಎಸಿ ಗಾಡಿ ಹತ್ತಿದರು ಇಂಜಿನಿಯರ್ ಸಾಹೇಬರು.
ಅದೇ ನನ್ನ ಮೊದಲನೇ ಗೀಟು.

ಹದಿನಾಕು ಮಂದಿ ಜೋತುಬಿದ್ದ ಟಂಟಂ, ಒಂದು ಗೀಟು.
ಕಾಜು ಏರಿಸಿ ಒಬ್ಬನೇ ಕುಂತ ಕಾರು, ಒಂದು ಗೀಟು.
ಪರಸಿ ಹೇರಿದ ಟ್ರ್ಯಾಕ್ಟರಿನ ಹಿಂದ ಎರಡು ಡಬ್ಬಿ;
ಡಬ್ಬಿಗೆ ಬ್ಯಾರೆ ಗೀಟೋ ಏನೋ, ಹೇಳಿಲ್ಲ ಯಾರೂ.
ಆರು ಎಮ್ಮಿ ಬಂದವು, ನಡುರಸ್ತಾದಾಗ ನಿಂತು ಮೆಲುಕು ಹಾಕಿದವು.
ಖಾನೆ ಇಲ್ಲ.
ಒಂದು ಮಯ್ಯತ್ ಬಂತು, ಹೆಗಲಿಂದ ಹೆಗಲಿಗೆ.
ಹಾರ್ನು ನಿಂತವು, ಪೆನ್ಸಿಲ್ಲೂ ನಿಂತಿತು.
ಆ ಹೊತ್ತಿನಾಗ ಸಂದಿ ಹಿಡದು ಪಾರಾದ ಸ್ಕೂಟರು ಎಷ್ಟೋ!

ಕೈಪಿಡಿದಾಗ ಒಂದು ಸೋಜಿಗ ಅದ:
ಮೆಲ್ಲಕ ಹೋಗೋರಿಗೆ ತೂಕ ಜಾಸ್ತಿ.
ಎರಡು ಸೈಕಲ್ಲು ಕೂಡಿದ್ರ ಒಂದು ಕಾರು,
ಒಂದು ಠೇಲಾ ಅಂದ್ರ ಮೂರು ಕಾರು.

ನಾ ಕುಂತದ್ದು ಲಾಡ್ಲೇಸಾಬ ನದಾಫರ ಗಾದಿ ಅಂಗಡಿ ನೆರಳಿಗೆ.
ಅವರ ಗ್ವಾಡಿ ಮ್ಯಾಲ ಕೆಂಪು ಬಣ್ಣದ ಬಾಣ, ಬಾಜೂಕ ಒಂದು ಅಂಕಿ.
ರಸ್ತಾ ಅಗಲಾದ್ರ ಅಲ್ಲೀತನಕ ಬರ್ತದ:
ಹೊಲಿಗಿ ಮಿಷನ್ನು, ಹತ್ತಿ ಮೂಟಿ,
ಮಧ್ಯಾಹ್ನ ಅವರು ಅಡ್ಡಾಗೋ ಚಾಪಿ.
"ಎಷ್ಟಾತವ್ವ?"
ತಾಸಿಗೊಮ್ಮೆ ಕೇಳ್ತಾರ, ಕೂಸಿನ ಜ್ವರ ಕೇಳಿದಂಗ.
ತಂಬಿಗಿ ನೀರು ಕೊಟ್ಟು, ಅತ್ತಾಗ ನೋಡಿಕೋತ
"ಜರಾ ಕಮ್ಮಿ ಬರಕೋ. ತಿರುಗಿ ಯಾರು ಎಣಿಸ್ತಾರ?"

ಹಾಳಿ ಮ್ಯಾಲ ಹತ್ತಿ ಎಳಿ ಕುಂತಿತ್ತು. ಊದಿದೆ.
ಮಾತಾಡಲಿಲ್ಲ.

ಮರುದಿನ ಸಂಜಿ ಆರಕ್ಕ ಗೀಟಿಗೆ ಗೀಟು ತಾಕಲತ್ತವು.
ರಿಂಗ್ ರೋಡಿನಾಚಿ ಪ್ಲಾಟು, ಪ್ಲಾಟಿನಾಚಿ ಪ್ಲಾಟು,
ಊರು ಹೊಟ್ಟಿ ಬೆಳಸೇದ, ಗಂಟಲ ಮಾತ್ರ ಹಳೇದು.
ಎಲ್ಲಾರೂ ಇದೇ ಗಂಟಲದಾಗ ಇಳೀಬೇಕು:
ಶಾಲಿ ಆಟೋ, ದಾಲ್‌ಮಿಲ್ ಬಿಟ್ಟ ಹೆಣ್ಣಮಕ್ಕಳು,
ತಲಿ ಮ್ಯಾಲ ಕುಕ್ಕರ್ ಡಬ್ಬಿ ಇಟ್ಟುಕೊಂಡ ಒಬ್ಬ ಮದುಮಗ,
ಸೈರನ್ ಹೊಡಕೋತ ನಿಂತಲ್ಲೇ ನಿಂತ ಅಂಬುಲೆನ್ಸು.
ಅದಕೊಂದು ಗೀಟು ಹಾಕಿ
ಹತ್ತು ನಿಮಿಷ ಅದರ ಮುಖಾನೇ ನೋಡಿದೆ.

ರಾತ್ರಿ ಒಂಬತ್ತೂವರಿಗೆ ಯಾರದೋ ಲಗ್ನದ ಆರ್ಡರು.
ಎರಡು ಹೊಸ ಗಾದಿ, ನಾಕು ತೆಕ್ಕಿ,
ಲಾಡ್ಲೇಸಾಬ್ರು ತಾವೇ ಮುಂದ, ಮೊಮ್ಮಗ ಹಿಂದ,
ಠೇಲಾ ತಳ್ಳಿಕೋತ ನನ್ನ ಮುಂದೇ ಹಾದರು.
ತಿರುಗಿ ನನ್ನ ಕೈ ನೋಡಿದರು.
ಮಾರಿ ಅಲ್ಲ, ಕೈ.

ಗೀಟು ಎಳದೆ. ಮೂರು ಕಾರು.

ಹತ್ತಕ್ಕ ಇನ್ನೂ ಐದು ನಿಮಿಷ ಇತ್ತು,
ಖಾಲಿ ಠೇಲಾ ಗಡಗಡ ತಿರುಗಿ ಬಂತು.
ಅದಕ್ಕೂ ಮೂರು.