ನಾಲ್ಕು ಬೆರಳು

ಡಾಕ್ಟರಮ್ಮ ಕೇಳಿದ್ದು ಒಂದೇ:
"ಕಡೇ ಸಲ ಸರಿಯಿದ್ದದ್ದು ಎಷ್ಟೊತ್ತಿಗೆ?"

ಮೊಳಕಾಲ್ಮೂರಿನಿಂದ ದುರ್ಗದವರೆಗೆ
ಪಾಲಣ್ಣನ ಓಮ್ನಿಯಲ್ಲಿ, ಇವರ ತಲೆ ನನ್ನ ತೊಡೆ ಮೇಲೆ.
ದಾರಿಯಲ್ಲೊಂದು ಆಸ್ಪತ್ರೆ: "ಇಲ್ಲಿ ಸ್ಕ್ಯಾನ್ ಇಲ್ಲ, ಮುಂದೆ ಹೋಗಿ."
ಅದಕ್ಕೂ ಮೊದಲು ಮನೆಯಲ್ಲೇ
ಅರ್ಧ ಗಂಟೆ ತಿಂದಿದ್ದರು ಅಕ್ಕಪಕ್ಕದವರು,
ಲಕ್ವದ ಎಣ್ಣೆ ಕೊಡುವವನ ಊರು ಯಾವುದೆಂದು ಜಗಳಾಡಿ.

ನಮ್ಮನೆ ಗಡಿಯಾರಕ್ಕೆ ಯುಗಾದಿಯಿಂದ ಸೆಲ್ಲಿಲ್ಲ.
ಮೊಬೈಲು ಮಗಳ ಜೊತೆ ಕಾಲೇಜಿನಲ್ಲಿ.
ಏನು ಹೇಳಲಿ?

ಕಣ್ಣು ಮುಚ್ಚಿದೆ. ಮಗ್ಗ ಕಂಡಿತು.
ಚಾ ಕುಡಿದು ಲೋಟ ಕೊಟ್ಟವರು ಹೊಸ ಕಂಡಿಕೆ ಹಾಕಿದ್ದರು,
ಹಸಿರು ಮುಗಿದು ಕೆಂಪು ಹೊಕ್ಕು ಶುರು.
ಗುಣಿಯಿಂದ ಎಳೆದೆತ್ತುವಾಗ ನೋಡಿದ್ದೆ:
ಕೆಂಪು ನಾಲ್ಕು ಬೆರಳು.
ಮೂರು ಬಿಗಿ. ನಾಲ್ಕನೆಯದು ಸಡಿಲ,
ಅಂಚು ಓರೆ.

"ಚಾ ಕೊಟ್ಟಿದ್ದು ಶಾಲೆ ಬೆಲ್ಲಿಗೆ, ಹತ್ತಕ್ಕೆ" ಅಂದೆ.
"ಆಮೇಲೆ ಮೂರು ಬೆರಳು ಸರಿಯಾಗಿ ನೇಯ್ದಿದ್ದಾರೆ, ತಾಯಿ.
ಅವರ ಕೈಗೆ ಅದು ಮುಕ್ಕಾಲು ಗಂಟೆ."

ನಗಲಿಲ್ಲ ಆಕೆ.
ಹತ್ತೂಮುಕ್ಕಾಲು ಎಂದು ಬರೆದುಕೊಂಡಳು,
ಗೋಡೆ ನೋಡಿದಳು, "ಇನ್ನೂ ಹೊತ್ತಿದೆ" ಅಂದವಳೇ
ಸ್ಕ್ಯಾನಿಗೆ ಮಂಚ ತಳ್ಳಿಸಿದಳು.

ಈಗ ಇವರು ಲಾಳಿಗೆ "ಆಯಿ" ಅನ್ನುತ್ತಾರೆ.
ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಾರೆ,
ನೋಡದ ಹಾಗೆ ನೋಡುತ್ತೇನೆ.
ಸಾಹುಕಾರ ಆ ಸೀರೆ ವಾಪಸ್ಸು ಕಳಿಸಿದ, ಡ್ಯಾಮೇಜಂತೆ.
ನನ್ನ ಪೆಟ್ಟಿಗೆಯಲ್ಲಿದೆ.
ಓಣಿಯಲ್ಲಿ ಯಾರ ಬಾಯಿಯಾದರೂ ಸೊಟ್ಟಗಾಯಿತೆಂದರೆ
ಸೀರೆ ಬಗಲಲ್ಲಿಟ್ಟುಕೊಂಡು ಓಡುತ್ತೇನೆ,
ಆ ಸಡಿಲ ಜಾಗಕ್ಕೆ ಬೆರಳಿಟ್ಟು:
ಇಲ್ಲಿಂದ ಎಣಿಸಿ.
ಎಣ್ಣೆ ಆಮೇಲೆ. ಮೊದಲು ಗಾಡಿ.