ಬ್ಯಾಳಿ ಬೇಯದ ನೀರು

ಶಹಾಬಾದಿನ ಆಚಿ, ರೈಲಿನ ಹಳಿ ಮಗ್ಗಲಿಗೆ
ನಮ್ಮ ಮಾವ ಸಾಯಬಣ್ಣ ಹತ್ತೊಂಬತ್ತು ವರ್ಷ ಕಡಿದ ಖಣಿ.
ಫರಸಿ ಪದರ ಪದರ ಲಾರಿ ಏರಿ ಹ್ವಾದ ಮ್ಯಾಲ
ಉಳಿದದ್ದು ಒಂದು ಚೌಕ ತಗ್ಗು,
ಮೂಲಿಗೆ ಮೂಲಿ ಗುಣ್ಯಾ ಹಚ್ಚಿದಂಗ.

ಮೊದಲ ವರ್ಷ ಬರೇ ನೀರು.
ಕಪ್ಪಿ ಇಲ್ಲ, ಪಾಚಿ ಇಲ್ಲ.
ಎರಡಾಳು ಆಳದಾಗ ಮರೆತು ಬಿಟ್ಟ ಹಾರಿ
ದಂಡಿಗೆ ನಿಂತವರಿಗೂ ಕಾಣ್ತಿತ್ತು.

ಆಮ್ಯಾಲ ಗಾಳಿ ಎರಿ ಹೊಲದ ಕರೀ ಧೂಳು ತಂದು
ಕಲ್ಲಿನ ಬಿರುಕಿನಾಗ ಸುರುವಿತು.
ಜೊಂಡಿನ ಬೀಜ ಹತ್ತಿಯಂಗ ತೇಲಿ ಬಂದು
ಆ ಚಿಟಿಕಿ ಮಣ್ಣಾಗ ಕಾಲೂರಿತು.
ಕೊಕ್ಕರಿಯ ಕಾಲಿಗಂಟಿದ ಲೋಳಿಯೊಳಗ
ಯಾವ ಕೆರಿಯದೋ ಬಸವನಹುಳದ ತತ್ತಿ.

ಈ ನೀರಿನ ಗುಣ ನನಗೆ ಗೊತ್ತು.
ಸಬಕಾರ ಎಷ್ಟು ತಿಕ್ಕಿದರೂ ನೊರಿ ಏಳೂದಿಲ್ಲ.
ಚಹಾದ ಬೋಗಾಣಿಗೆ ಒಳಗಿನಿಂದ ಬಿಳೀ ಹಕ್ಕಳಿ.
ತೊಗರಿ ಬ್ಯಾಳಿ ನಾಕು ಸೀಟಿ ಕೂಗಿದರೂ
ಬಾಯಾಗ ಹರಳಿನಂಗ ಸಿಗತದ.
"ಕಲ್ಲು ಮಾರಿ ಉಂಡ್ವಿ, ಈಗ ಕಲ್ಲೇ ಉಣ್ಲತ್ತೀವಿ"
ಅಂತ ಅತ್ತಿ ಭೋಗಮ್ಮ ಎಲಿಗೆ ಸುಣ್ಣ ಸವರತಾಳ.
ಸುಣ್ಣನೂ ಅದೇ ಕಲ್ಲು, ಭಟ್ಟಿ ಕಂಡು ಬಂದದ್ದು.

ನಮ್ಮ ಗಂಟಲಿಗೆ ಒಗ್ಗದ್ದು ಹುಳಕ್ಕ ಒಗ್ಗಿತು.
ನೀರಾಗಿನ ಕಲ್ಲು ಸೋಸಿಕೊಂಡು
ಬೆನ್ನಿನ ಮ್ಯಾಲ ಸುತ್ತಿಗೊಂದು ಸುತ್ತು ಮನಿ ಕಟ್ಟಿತು.
ಸುತ್ತಿಗಿ ಇಲ್ಲ, ಉಳಿ ಇಲ್ಲ, ಮುಕಾದಮನ ಬೈಗಳಿಲ್ಲ.
ಹುಳ ತಿಂದ ನೀರುಕೋಳಿ ಜೊಂಡಿನಾಗ ತತ್ತಿ ಇಟ್ಟಿತು.
ಒಡೆದ ಸಿಪ್ಪಿ ಬೆರಳಿಗೆ ಹತ್ತಿದರ
ಪಾಲಿಶ್ ಮಾಡಿದ ಫರಸಿಯ ತಣ್ಪು.

ಮಾವ ಸಂಜಿಗೆ ದಂಡಿಗೆ ಕುಂತು ಕೆಮ್ಮತಾನ.
ದವಾಖಾನಿಯ ಎಕ್ಸರೇದಾಗ ಅವನ ಎದಿ
ಮಂಜು ಬಿದ್ದಂಗ ಮಬ್ಬು.
ಒಳಗ ಹ್ವಾದ ಧೂಳು ಹೊಳ್ಳಿ ಬರಲಿಲ್ಲ,
ಆ ಧೂಳಿನಿಂದ ಮೈ ಯಾವ ಮನಿನೂ ಕಟ್ಟಲಿಲ್ಲ.
ನಿನ್ನಿ ಒಂದು ಖಾಲಿ ಚಿಪ್ಪು ಹೆಕ್ಕಿ, ಬೆಳಕಿಗೆ ಹಿಡಿದು,
"ಯಾವ ಕೆಲಸಗಾರನ ಕೈಯಿದು?" ಅಂದ.
ಉತ್ತರಕ್ಕ ಕಾಯದೇ ನೀರಿಗೆ ಒಗೆದ.

ಈಗ ನೀರು ಹಸಿರು, ಹಾರಿ ಕಾಣೂದಿಲ್ಲ.
ಅದರ ಮ್ಯಾಲ ಚಿಪ್ಪು, ಎಲಿ, ಪುಕ್ಕ, ಕೆಸರು
ಒಂದು ಬೆರಳು ದಪ್ಪ ಕುಂತಿರಬೇಕು.
ಹೊಸಾ ಪದರ.
ಎಬ್ಬಿಸಲಿಕ್ಕೆ ಯಾರೂ ಅವಸರ ಮಾಡಬ್ಯಾಡ್ರಿ.

ಹೊಟ್ಟ್ಯಾಗಿನದು ಒದೀತದ.
ಅದರ ಎಲುಬಿಗೂ ಇದೇ ನೀರು.
ಬ್ಯಾಳಿಗೆ ಚಿಟಿಕಿ ಸೋಡಾ ಹಾಕಿ
ಐದನೇ ಸೀಟಿಗೆ ಕಾಯ್ಲತ್ತೀನಿ.