ನನಗಿಂತ ಮೊದಲ ಏನ ಬೀಸಿದ್ರಿ?

ಶಹಾಬಜಾರಿನ ಗಿರಣ್ಯಾಗ
ಜ್ವಾಳದ ಡಬ್ಬಿ ಕೆಳಗಿಟ್ಟು ನಾ ಕೇಳೂದು ಒಂದೇ ಮಾತು:
ನನಗಿಂತ ಮೊದಲ ಏನ ಬೀಸಿದ್ರಿ?
ಮೌಲಾಲಿ ನಗತಾನ. ಹುಬ್ಬಿನ ಮ್ಯಾಲೆಲ್ಲ ಹಿಟ್ಟು.
‘ಗೋಧಿರಿ ಟೀಚರ್, ಐದು ಕಿಲೋ, ಈಗಷ್ಟೇ.’
ಹಂಗಾದ್ರ ನಾಳಿ ಬರತೀನಿ. ಕಲ್ಲು ಬಿಚ್ಚಿ ಒರಸಿ
ಮೊದಲ ನಂದೇ ಹಾಕಪಾ.

ಎರಡು ವರ್ಷಾತು. ಡಾಕ್ಟರ್ ಒಂದು ಚೀಟಿ ಕೊಟ್ಟರು,
ಗೋಧಿ, ರವಾ, ಮೈದಾ ಎಲ್ಲಾದಕ್ಕೂ ಅಡ್ಡಗೀಟು.
ಕೆಳಗ ಸಣ್ಣಕ್ಷರದಾಗ: ಸೋಂಕೂ ಆಗಬಾರದು.
‘ಜ್ವಾಳದ ಸೀಮ್ಯಾಗ ಹುಟ್ಟೀರಿ, ಪುಣ್ಯವಂತರು’ ಅಂದ್ರು.
ಪುಣ್ಯ ಖರೇ. ಆದ್ರ ರೊಟ್ಟಿ ಬೇಯೋ ಹಂಚಿನ ಮ್ಯಾಲೇ
ಚಪಾತಿನೂ ಬೇಯತದ,
ಹುಗ್ಗಿಯ ಸೌಟೇ ಅನ್ನಕ್ಕ ಇಳೀತದ,
ಒಗ್ಗರಣಿ ಇಂಗಿನಾಗೂ ಗೋಧಿ ಅಡಗಿ ಕುಂತಿರತದ
ಕರೀದೇ ಬಂದ ಬೀಗನ ಹಂಗ.

ಮದುವಿಗಿ ಹೋದ್ರ ಕೈಚೀಲದಾಗ ಡಬ್ಬಿ.
‘ಏನವಾ, ನಮ್ಮ ಅಡಗಿ ಸೇರಲಿಲ್ಲೇನು?’
‘ಪಥ್ಯಾ? ಯಾವ ದೇವರ ಹೆಸರಲೆ?’
‘ಒಂದು ತುತ್ತ ಹೋಳಿಗಿಗೆ ಸಾಯತಿಯೇನು?’
ಸಾಯೂದಿಲ್ಲ ಅತ್ತಿ.
ಮೂರು ದಿನ ಗ್ವಾಡಿ ಹಿಡಕೊಂಡು ನಡೀತೀನಿ, ಅಷ್ಟೇ.
ಇದನ್ನ ನಗುನಗತ ಹೇಳೂದು ಕಲ್ತೀನಿ.

ವಾಡಿಯಾಗ ಗೌತಮಿ ಹೊಸಾ ಮನಿ ಕಟ್ಟಿಸಿದಳು.
ಒಂದೇ ಸಾಲ್ಯಾಗ ಹನ್ನೊಂದು ವರ್ಷ ಪಾಠ ಹೇಳೀವಿ,
ಆಕಿ ಡಬ್ಬಿ ನಂದು, ನನ್ನ ಡಬ್ಬಿ ಆಕೀದು, ಆ ಚೀಟಿ ಬರೂತನಕ.
ಆಕಿ ಮನಿಗೆ ಇದೇ ಮೊದಲ ಸಲ.
ಬಾಗಿಲ ತೋರಣದ ಮ್ಯಾಲೂ ಸಿಮೆಂಟಿನ ಧೂಳು.
ಗ್ವಾಡಿ ಮ್ಯಾಲೆ ನೀಲಿ ಕೋಟಿನ ಪಟ, ಮಲ್ಲಿಗಿ ಹಾರ.
ಆಕಿ ಅವ್ವ ಸಾಯಮ್ಮ ಬಂದು
ತುಪ್ಪ ಸೋರೋ ಹೋಳಿಗಿ ಮುರದು
ನನ್ನ ಬಾಯಿ ಹತ್ತರ ಹಿಡದಳು.

ನಾ ಮಾರಿ ಹಿಂದಕ್ಕ ತಗದೆ.

ಫ್ಯಾನಿನ ಸಪ್ಪಳ ಕೇಳಲಾಕ ಹತ್ತಿತು.
ಕೊಡ ಇಳಸಲಾಕ ಬಗ್ಗಿದ ಸೊಸಿ ಹಂಗೇ ನಿಂತಳು.
ನಮ್ಮಂಥವರು ಆ ಮನಿಯಾಗ ಮಾರಿ ಹಿಂದಕ್ಕ ತಗದ್ರ
ಅದಕ್ಕ ಸಾವಿರ ವರ್ಷದ ಅರ್ಥ ಅದ.
ನನ್ನ ಕರುಳಿನ ಸಂಕಟಕ್ಕ ಬರೇ ಎರಡು ವರ್ಷ, ಒಂದು ಚೀಟಿ.
ಅಜ್ಜನ ಮನಿ ಸೂರಿನಾಗ ಸಿಗಿಸಿದ್ದ ಸಿಲವಾರ ಬಟ್ಟಲ ನೆನಪಾತು.
ಕೂಲಿಯವರು ತಾವೇ ತಕ್ಕೊಂಡು ಹಿಡೀತಿದ್ರು,
ಮ್ಯಾಲಿಂದ ನೀರ ಹಾಕತಿದ್ದೆ ನಾ,
ಏಳು ವರ್ಷದಾಕಿ, ಒಂದು ಹನಿ ಸಿಡೀದಂಗ.

ಗೌತಮಿ ಅಂದಳು: ‘ಅವ್ವಾ, ಹಂಗಲ್ಲದು. ಆಕೀಗಿ ಗೋಧಿ ವಿಷ.’
ಸಾಯಮ್ಮ ನನ್ನ ಮಾರಿ ನೋಡಿದಳು, ಕಾಳು ಆರಿಸೋ ಹಂಗ.
‘ಜ್ವಾಳ ನಡೀತದ?’
‘ನಡೀತದರಿ. ಆದ್ರ ಗಿರಣಿ ಹಿಟ್ಟು...’
ಹಿತ್ತಲ ಬಾಗಿಲಿಗೆ ಕರಕೊಂಡು ಹೋದಳು.
ಅಲ್ಲಿ ಬೀಸುಕಲ್ಲು, ಮಗಳು ಒಗೀ ಅಂದಿದ್ದು,
ಹಟಾ ಹಿಡದು ಟಂಟಂದಾಗ ಹಾಕಿ ತಂದದ್ದು.
‘ಇದಕ್ಕ ಗೋಧಿ ಮಾರಿ ಗೊತ್ತಿಲ್ಲ,’ ಅಂದಳು.
‘ನಮಗ ಗೋಧಿ ಯಾರ ಕೊಟ್ಟಿದ್ರು?’

ಬೀಸಲಾಕ ಕುಂತಳು. ನಂದು ಇನ್ನೊಂದು ಮಾತು ಉಳದಿತ್ತು.
ಹೋಳಿಗಿ ತಟ್ಟಿದ ಕೈ ಅವು.
ಕೈ ತೊಳಕೊಳ್ರಿ ಅನ್ನಬೇಕು,
ಆಕೀಗಿ, ನಾ.
ನಾಲಿಗಿ ಏಳಲಿಲ್ಲ.
ಆಕೀನೇ ಎದ್ದು, ಮೊಣಕೈತನಕ ಸಾಬಾಣ ಹಚ್ಚಿ ತೊಳದು,
ಸಾಲಿ ಹುಡುಗರ ಹಂಗ ಎರಡೂ ಅಂಗೈ ಮುಂದ ಮಾಡಿದಳು:
‘ನೋಡ್ರಿ ಟೀಚರಮ್ಮ, ಪಾಸೋ?’

ಹಂಚು? ಅದನ್ನ ಕೇಳಿದೆ, ಈ ಸಲ ನಾನೇ.
ಉಡುಗೊರಿ ಬಂದದ್ದು, ಮ್ಯಾಲಿನ ಚೀಟಿ ಇನ್ನಾ ಕಿತ್ತಿರಲಿಲ್ಲ.

ಎರಡು ರೊಟ್ಟಿ, ಪುಂಡಿಪಲ್ಯ, ಅರ್ಧ ಉಳ್ಳಾಗಡ್ಡಿ.
ಹಿಟ್ಟು ತುಸು ಒರಟು, ಹಲ್ಲಿಗೆ ಕಲ್ಲಿನ ಪುಡಿ ಹತ್ತತಿತ್ತು.
ನನ್ನ ಡಬ್ಬಿ ಚೀಲದಾಗೇ ಉಳೀತು.

ರಾತ್ರಿ ಪ್ಯಾಸೆಂಜರದಾಗ ಕಿಟಕಿಗೆ ತಲಿ ಆನಿಸಿ
ಹೊಟ್ಟಿ ಏನನ್ನತದ ಅಂತ ಕಾದೆ.
ಶಹಾಬಾದ ದಾಟಿತು.
ಹೊಟ್ಟಿ ಸುಮ್ಮನಿತ್ತು.
ಆ ಬಟ್ಟಲ ಸುಮ್ಮನಿರಲಿಲ್ಲ.